ಗೊಬ್ಬರದ ಖರ್ಚಿಗೆ ಅಸಮತೆಯ ಲೆಕ್ಕ: ನನ್ನ ಅನುಭವ

ಮುಂಗಾರಿಗೆ ಮುನ್ನ ಕಾಫಿ ತೋಟಕ್ಕೆ ಗೊಬ್ಬರ ತರುವಾಗ ಕೊಡಗಿನ ನಮ್ಮಂಥ ಸಣ್ಣ ಬೆಳೆಗಾರರ ಮುಂದಿರುವ ಲೆಕ್ಕಕ್ಕೆ ಸಮೀಕರಣ ಒಗ್ಗುವುದಿಲ್ಲ. ಗಿಡಕ್ಕೆ ಪೋಷಕಾಂಶ ಇಷ್ಟಕ್ಕಿಂತ ಕಡಿಮೆಯಾಗಬಾರದು, ಹಣ ಇಷ್ಟನ್ನು ಮೀರಬಾರದು ಎಂಬ ಎರಡೂ ಮಾತುಗಳು ಮಿತಿಗಳೇ ಹೊರತು ನಿಖರ ಮೊತ್ತಗಳಲ್ಲ. ಆದ್ದರಿಂದಲೇ ಪಿಯುಸಿಯಲ್ಲಿ ಕಲಿತ ರೇಖೀಯ ಅಸಮತೆಗಳನ್ನು (ಸಮ ಚಿಹ್ನೆಯ ಬದಲು 'ಕನಿಷ್ಠ ಇಷ್ಟು' ಎನ್ನುವ ≥ ಅಥವಾ 'ಗರಿಷ್ಠ ಇಷ್ಟು' ಎನ್ನುವ ≤ ಇರುವ ಸಾಲುಗಳನ್ನು) ತೋಟದ ಲೆಕ್ಕದ ಪುಸ್ತಕಕ್ಕೆ ತಂದುಕೊಂಡೆ.

ಮಣ್ಣು ಪರೀಕ್ಷೆಯ ವರದಿ ನೋಡಿ, ಮನೆ ಹಿಂದಿನ ರೊಬಸ್ಟಾ ತೋಟಕ್ಕೆ ಆ ಕಂತಿನಲ್ಲಿ ಕನಿಷ್ಠ 80 ಕೆ.ಜಿ. ಸಾರಜನಕ ಮತ್ತು 60 ಕೆ.ಜಿ. ರಂಜಕ ಬೇಕೆಂದು ನಿರ್ಧರಿಸಿದ್ದೆ. 45 ಕೆ.ಜಿ.ಯ ಯೂರಿಯಾ ಚೀಲದಲ್ಲಿ ಶೇ. 46ರಂತೆ 20.7 ಕೆ.ಜಿ. ಸಾರಜನಕವಿರುತ್ತದೆ; 50 ಕೆ.ಜಿ.ಯ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ. ಯೂರಿಯಾ ಚೀಲಗಳ ಸಂಖ್ಯೆಯನ್ನು 'ಯ', ಡಿಎಪಿಯದನ್ನು 'ಡ' ಎಂದುಕೊಂಡರೆ ಅಗತ್ಯದ ಸಾಲುಗಳು ಹೀಗಾಗುತ್ತವೆ:

20.7ಯ + 9ಡ ≥ 80
23ಡ ≥ 60

ಕೈಯಲ್ಲಿದ್ದ 6,500 ರೂಪಾಯಿಯಲ್ಲಿ ಜೀಪಿನ ಬಾಡಿಗೆಗೂ ಗೊಬ್ಬರ ಹಾಕುವವರ ಕೂಲಿಗೂ 1,500 ಉಳಿಯಲೇಬೇಕಿತ್ತು. ಯೂರಿಯಾಕ್ಕೆ 267, ಡಿಎಪಿಗೆ 1,350 ರೂಪಾಯಿ ದರವಿದ್ದುದರಿಂದ 6,500 − 267ಯ − 1,350ಡ ≥ 1,500 ಎಂದು ಬರೆದೆ. ಇದನ್ನು ಸರಳಗೊಳಿಸುವಾಗ ಎರಡೂ ಬದಿಯನ್ನು ಋಣ ಸಂಖ್ಯೆಯಿಂದ ಗುಣಿಸಬೇಕಾಗುವುದರಿಂದ ಚಿಹ್ನೆ ತಿರುಗಿ, 267ಯ + 1,350ಡ ≤ 5,000 ಎಂದಾಗುತ್ತದೆ. ಚಿಹ್ನೆಯನ್ನು ಹಾಗೆಯೇ ಬಿಟ್ಟರೆ 'ಕನಿಷ್ಠ ಐದು ಸಾವಿರ ಖರ್ಚು ಮಾಡು' ಎಂಬ ವಿರುದ್ಧ ಅರ್ಥವೇ ಬರುವುದರಿಂದ, ಈ ಹೆಜ್ಜೆಯನ್ನು ನಾನು ಯಾವಾಗಲೂ ಬಾಯಿಮಾತಿನಲ್ಲಿ ಓದಿ ನೋಡುತ್ತೇನೆ.

ಗ್ರಾಫ್ ಹಾಳೆಯಲ್ಲಿ ಮೂರೂ ಗೆರೆಗಳನ್ನು ಎಳೆದಾಗ ನಡುವೆ ಮೂರೂ ಮಿತಿಗಳಿಗೆ ಒಪ್ಪುವ ಒಂದು ಪುಟ್ಟ ತ್ರಿಕೋನ ಉಳಿಯಿತು. ಅತಿ ಕಡಿಮೆ ಖರ್ಚಿನ ಮೂಲೆಯಲ್ಲಿ ಯ ಸುಮಾರು 2.73, ಡ ಸುಮಾರು 2.61, ಖರ್ಚು ಹತ್ತಿರಹತ್ತಿರ 4,250 ರೂಪಾಯಿ. ಆದರೆ ಚೀಲ ಒಡೆದು ಯಾರೂ ಕೊಡುವುದಿಲ್ಲ. ಪೂರ್ಣಸಂಖ್ಯೆಗಳನ್ನಷ್ಟೇ ಹುಡುಕಿದರೆ ತ್ರಿಕೋನದೊಳಗೆ ಸಿಗುವುದು ಒಂದೇ ಬಿಂದು: ಮೂರು ಯೂರಿಯಾ, ಮೂರು ಡಿಎಪಿ, ಒಟ್ಟು 4,851 ರೂಪಾಯಿ. ಒಂದು ಯೂರಿಯಾ ಚೀಲ ಕಡಿಮೆ ಮಾಡಿದರೆ ಸಾರಜನಕ 68.4 ಕೆ.ಜಿ.ಗೆ ಇಳಿಯುತ್ತದೆ, ಒಂದು ಹೆಚ್ಚಿಸಿದರೆ ಖರ್ಚು 5,118ಕ್ಕೆ ಏರಿ ಕೂಲಿಯ ಹಣಕ್ಕೆ ಕೈಹಾಕಬೇಕಾಗುತ್ತದೆ. ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಬೆಲೆ ಇರುವುದು ಇಲ್ಲಿಯೇ, ಏಕೆಂದರೆ ಬರೀ ಅಂದಾಜಿನಲ್ಲಿ ಹೋಗಿದ್ದರೆ ಆಯ್ಕೆ ಇಷ್ಟು ಇಕ್ಕಟ್ಟಿನದೆಂದು ತಿಳಿಯುತ್ತಲೇ ಇರಲಿಲ್ಲ.

ಡಿಎಪಿ ಸಿಗದ ಕಂತಿನಲ್ಲಿ 10:26:26 (ಸಾರಜನಕ, ರಂಜಕ, ಪೊಟ್ಯಾಶ್ ಕ್ರಮವಾಗಿ ಶೇಕಡಾ ಇಷ್ಟಿರುವ ಗೊಬ್ಬರ) ತರುವುದಾದರೆ, ಅದರ 50 ಕೆ.ಜಿ. ಚೀಲದಲ್ಲಿರುವ ಪ್ರಮಾಣಕ್ಕೆ ತಕ್ಕಂತೆ 9 ಮತ್ತು 23ರ ಜಾಗದಲ್ಲಿ 5 ಮತ್ತು 13 ಬರೆದು, ದರವನ್ನೂ ಬದಲಿಸಿ, ಅದರಲ್ಲೇ 13 ಕೆ.ಜಿ. ಪೊಟ್ಯಾಶ್ ಸಿಗುವುದರಿಂದ ಪೊಟ್ಯಾಶಿಗೆ ಬೇರೆಯೇ ಒಂದು ಸಾಲು ಸೇರಿಸುತ್ತೇನೆ.