ಕಣ್ಣು ತೆರೆದೇ ಇತ್ತು, ಟೋಲ್ ಮಾತ್ರ ನೆನಪಿಲ್ಲ

ಹುಬ್ಬಳ್ಳಿ ಎಪಿಎಂಸಿಯಿಂದ ಯಶವಂತಪುರ ಯಾರ್ಡಿಗೆ ಉಳ್ಳಾಗಡ್ಡಿ ಲೋಡ್ ಹೊಡೆಯುತ್ತೇನೆ. ರಾತ್ರಿ ಒಂಬತ್ತಕ್ಕೆ ಹೊರಟರೆ ಚಿತ್ರದುರ್ಗದ ಗಾಳಿಗಿರಣಿಗಳ ಕೆಂಪು ದೀಪ ಕಾಣುವಾಗ ಒಂದು ದಾಟಿರುತ್ತೆ.

ಒಂದು ರಾತ್ರಿ ಹಿರಿಯೂರು ದಾಟಿದ ಮೇಲೆ ಕ್ಲೀನರ್ ಹುಡುಗ "ಅಣ್ಣಾ, ಗುಯಿಲಾಳು ಟೋಲಲ್ಲಿ ಎಷ್ಟು ಕಟ್ ಆಯ್ತು?" ಅಂತ ಕೇಳಿದ. ನನಗೆ ಟೋಲ್ ದಾಟಿದ್ದೇ ನೆನಪಿಲ್ಲ. ನಿದ್ದೆ ಬಂದಿರಲಿಲ್ಲ, ತಂಗಿ ಮದುವೆ ಸಾಲದ ಲೆಕ್ಕ ತಲೆಯಲ್ಲಿ ಓಡ್ತಾ ಇತ್ತು, ಗೇರ್ ಇಳಿಸಿದ್ದು, ಬ್ರೇಕ್ ಒತ್ತಿದ್ದು ಎಲ್ಲಾ ಕೈಕಾಲು ತಾವೇ ಮಾಡಿಬಿಟ್ಟಿದ್ದವು. ಮುಂದೆ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಇದ್ದಿದ್ದರೆ? ನೆನೆದು ಬೆವತುಹೋದೆ.

ಆಮೇಲೆ ತಿಳಿಯಿತು, ಮನಸ್ಸು ಅಲೆಯೋದು ಬೇರೆ, ತೂಕಡಿಕೆ ಬೇರೆ. ಮದ್ದೂ ಬೇರೆ ಬೇರೆ.

ಮನಸ್ಸು ಅಲೆದರೆ ಬಾಯಿಗೆ ಕೆಲಸ ಕೊಡುತ್ತೇನೆ. ಜಪಾನಿನ ರೈಲು ಚಾಲಕರು ಸಿಗ್ನಲ್ಲಿಗೆ ಬೆರಳು ತೋರಿಸಿ ಜೋರಾಗಿ ಹೇಳ್ತಾರಂತೆ, ಹಾಗೆ ನಾನೂ "ಎಡಕ್ಕೆ ಲಾರಿ ನಿಂತಿದೆ", "ಮುಂದೆ ಸೇತುವೆ" ಅನ್ನುತ್ತೇನೆ. ಹುಡುಗ "ಹೂಂ ಅಣ್ಣಾ" ಅಂತಾನೆ.

ತೂಕಡಿಕೆಗೆ ಇದು ನಡೆಯಲ್ಲ. ಮುಖ ತೊಳೆದರೆ, ಕಿಟಕಿ ತೆಗೆದರೆ ಸ್ವಲ್ಪ ಹೊತ್ತು ಅಷ್ಟೇ. ಸ್ಟೇರಿಂಗನ್ನು ಸಣ್ಣಸಣ್ಣಗೆ ಸರಿಮಾಡುತ್ತಾ ಇರೋ ಕೈ ಸುಮ್ನಾಗಿ, ಆಮೇಲೆ ಒಮ್ಮೆಲೇ ಎಳೆಯಿತು ಅಂದರೆ ನಿದ್ದೆ ಹತ್ತಿರ ಬಂತು ಅಂತಲೇ ಲೆಕ್ಕ. ಅರವತ್ತರ ವೇಗದಲ್ಲಿ 3 ಸೆಕೆಂಡ್ ಕಣ್ಣು ಮುಚ್ಚಿದರೆ ಗಾಡಿ 50 ಮೀಟರ್ ಹೋಗಿರುತ್ತೆ. 1997ರಲ್ಲಿ ಡಾಸನ್ ಮತ್ತು ರೀಡ್ ಅನ್ನೋರು ಪ್ರಕಟಿಸಿದ ಪರೀಕ್ಷೆಯಲ್ಲಿ, 17 ಗಂಟೆ ಎದ್ದಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05% ಮದ್ಯ ಇದ್ದವರಷ್ಟೇ ಕೆಟ್ಟಿತ್ತು. ನಮ್ಮ ಕಾನೂನಿನ ಮಿತಿ 0.03%. ಬೆಳಿಗ್ಗೆ ಏಳಕ್ಕೆ ಎದ್ದು ಲೋಡ್ ಮಾಡಿಸಿದ ನನಗೆ ನಡುರಾತ್ರಿಗೇ 17 ಗಂಟೆ ತುಂಬಿರುತ್ತೆ. ಕುಡಿದು ಗಾಡಿ ಮುಟ್ಟಲ್ಲ ಅನ್ನೋ ನಾವು ಇದನ್ನ ಲೆಕ್ಕಕ್ಕೇ ಹಿಡಿಯಲ್ಲ, ಅಲ್ವಾ?

ಈಗ ಹೊರಡೋ ದಿನ ಮಧ್ಯಾಹ್ನ ಎರಡು ತಾಸು ಮಲಗ್ತೀನಿ. ದಾರಿಯಲ್ಲಿ ಕಣ್ಣು ಭಾರ ಆದರೆ ಡಾಬಾದಲ್ಲಿ ನಿಲ್ಲಿಸಿ, ಸ್ಟ್ರಾಂಗ್ ಚಹಾ ಕುಡಿದು ತಕ್ಷಣ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗೋದು. ಚಹಾ ಏರೋಕೂ ಅಷ್ಟೇ ಹೊತ್ತು ಬೇಕು. ಎದ್ದ ತಕ್ಷಣ ಗಾಡಿ ಎತ್ತಲ್ಲ, ತಲೆ ಮಂಕಾಗಿರುತ್ತೆ. ರಾಡ್ ಹಿಡಿದು ಒಂದೊಂದೇ ಟೈರ್ ಬಡಿಯುತ್ತಾ ಗಾಡಿ ಸುತ್ತ ಎರಡು ಸುತ್ತು ಹಾಕುತ್ತೇನೆ.

ಮೊನ್ನೆ ಯಾರ್ಡ್ ಮುಟ್ಟೋದು ಮುಕ್ಕಾಲು ಗಂಟೆ ತಡ ಆಯ್ತು. ಸಾಹುಕಾರ್ರು ಫೋನಲ್ಲಿ ಯಾಕೆ ಅಂದರು. "ಶಿರಾ ಹತ್ತಿರ ಮಲಗಿದ್ದೆ ಸಾಹುಕಾರ್ರೆ" ಅಂದೆ.