ತುಮಕೂರಿನ ತರಗತಿಯಲ್ಲಿ ಪೆಂಗ್ವಿನ್ ಪಾಠ: ಹಿಮವನ್ನು ಬಿಟ್ಟು ಕಡಲಿನಿಂದ ಆರಂಭಿಸುವ ಬಗೆ

ತುಮಕೂರು ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ವಿಜ್ಞಾನ ಕಲಿಸುವವರನ್ನೂ ಇಕೋ ಕ್ಲಬ್ ನಡೆಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಪೆಂಗ್ವಿನ್ ಎಂದೊಡನೆ ಕಪ್ಪು ಹಲಗೆಯ ಮೇಲೆ ಹಿಮದ ಗುಡ್ಡ ಬಿಡಿಸಿ ಪಾಠ ಶುರುಮಾಡುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಭೂಮಿ ಬಿಸಿಯಾಗುತ್ತದೆ, ಹಿಮ ಕರಗುತ್ತದೆ, ಪೆಂಗ್ವಿನ್ ಸಾಯುತ್ತದೆ ಎಂಬ ಒಂದೇ ಸಾಲಿಗೆ ಇಡೀ ವಿಷಯ ಮುಗಿದುಹೋಗುತ್ತದೆ. ಆದರೆ ಸಾಮಾನ್ಯವಾಗಿ ಗುರುತಿಸಲಾಗುವ 18 ಪ್ರಭೇದಗಳಲ್ಲಿ ಅಂಟಾರ್ಕ್ಟಿಕದ ಹಿಮವನ್ನೇ ಪೂರ್ತಿ ನೆಚ್ಚಿಕೊಂಡವು ಎಂಪರರ್ ಮತ್ತು ಅಡೇಲಿ ಎರಡೇ. ಎಲ್ಲ ಪೆಂಗ್ವಿನ್‌ಗಳಿಗೂ ಬೇಕಾದದ್ದು ಗೂಡಿನಿಂದ ಈಜಿ ಹೋಗಿ ಮರಳಿ ಬರಬಹುದಾದಷ್ಟು ಹತ್ತಿರದಲ್ಲಿ ಮೀನು ಅಥವಾ ಸೀಗಡಿಯಂಥ ಕ್ರಿಲ್. ಈ ಒಂದು ಮಾತನ್ನು ಮೊದಲ ಪಿರಿಯಡ್‌ನಲ್ಲೇ ಗಟ್ಟಿಮಾಡಿಕೊಂಡರೆ ಉಳಿದ ಪಾಠ ತಾನಾಗಿ ಸಾಗುತ್ತದೆ.

ಗೋಳದಿಂದ ಆರಂಭಿಸುವುದು

ಶಾಲೆಯ ಗೋಳವನ್ನು ಮೇಜಿನ ಮೇಲಿಟ್ಟು ಮಕ್ಕಳಿಂದಲೇ ತುಮಕೂರಿನ ಅಕ್ಷಾಂಶವನ್ನು ಹುಡುಕಿಸಬೇಕು; ಅದು ಸುಮಾರು 13.3 ಡಿಗ್ರಿ ಉತ್ತರ. ಬಳಿಕ ಸಮಭಾಜಕ ವೃತ್ತವನ್ನು ದಾಟಿ ಅಷ್ಟೇ ದೂರ ದಕ್ಷಿಣಕ್ಕೆ ಹೋಗಿ, ಆ ಸಾಲಿನಲ್ಲಿ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯವರೆಗೆ ಬೆರಳು ಎಳೆಯಲು ಹೇಳಬೇಕು. ಪೆರು ದೇಶದ ಬಾಲ್ಯೆಸ್ಟಾಸ್ ದ್ವೀಪಗಳು ಸುಮಾರು 13.7 ಡಿಗ್ರಿ ದಕ್ಷಿಣದಲ್ಲಿವೆ. ನಮ್ಮ ಪಾವಗಡಕ್ಕಿಂತ ಎಷ್ಟೋ ಪಾಲು ಒಣಗಿದ ಆ ಮರುಭೂಮಿಯ ಕರಾವಳಿಯಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳು ಬಂಡೆಗಳ ಸಂದುಗಳಲ್ಲಿ ಮೊಟ್ಟೆಯಿಡುತ್ತವೆ. ಮುಂಬೈನ ಬೈಕುಲ್ಲಾ ಮೃಗಾಲಯಕ್ಕೆ 2016ರಲ್ಲಿ ಬಂದವೂ ಇದೇ ಪ್ರಭೇದದವು. ಅವುಗಳ ವಿಡಿಯೊ ನೋಡಿದ ಒಂದಿಬ್ಬರು ಮಕ್ಕಳಾದರೂ ತರಗತಿಯಲ್ಲಿ ಇದ್ದೇ ಇರುತ್ತಾರೆ.

ನಮ್ಮಷ್ಟೇ ಅಕ್ಷಾಂಶದಲ್ಲಿ ಪೆಂಗ್ವಿನ್ ಇರುವುದು ಹೇಗೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುವವರೆಗೆ ಕಾಯುವುದು ಒಳ್ಳೆಯದು. ಪೆರುವಿನ ತೀರದುದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಬೀಸುವ ಗಾಳಿ ಮತ್ತು ಭೂಮಿಯ ತಿರುಗುವಿಕೆ ಎರಡೂ ಸೇರಿ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ, ತೆರವಾದ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ, ಆ ನೀರಿನೊಡನೆ ಬಂದ ಪೋಷಕಾಂಶಗಳನ್ನು ಉಂಡು ಸೂಕ್ಷ್ಮ ಸಸ್ಯಗಳೂ ಅವುಗಳನ್ನು ತಿಂದು ಆಂಚೋವಿ ಮೀನುಗಳೂ ಹೆಚ್ಚುತ್ತವೆ. ಗಾಳಿಯಿಂದ ಹಿಡಿದು ಹಕ್ಕಿಯವರೆಗಿನ ಈ ಸರಪಳಿಯನ್ನು ಹಲಗೆಯ ಮೇಲೆ ಬಾಣಗಳಲ್ಲಿ ಬರೆದು, ಪಾಠ ಮುಗಿಯುವ ತನಕ ಅಳಿಸದೆ ಉಳಿಸಿಕೊಳ್ಳಬೇಕು.

ಎಲ್ ನಿನೊ: ಎರಡು ಕಡೆಯ ಕಥೆ

ಮುಂದಿನ ಪಿರಿಯಡ್‌ನಲ್ಲಿ ಆ ಸರಪಳಿಯ ಮೊದಲ ಕೊಂಡಿಯನ್ನು, ಅಂದರೆ ಗಾಳಿಯನ್ನು ಅಳಿಸಿಬಿಡಿ. ಶಾಂತ ಸಾಗರದ ವಾಣಿಜ್ಯ ಮಾರುತಗಳು ಸೊರಗಿದಾಗ ಪಶ್ಚಿಮದಲ್ಲಿ ಜಮೆಯಾಗಿದ್ದ ಬೆಚ್ಚನೆಯ ನೀರು ಪೂರ್ವಕ್ಕೆ ಹರಡುತ್ತದೆ, ತಣ್ಣೀರು ಮೇಲೇಳುವುದು ಕುಗ್ಗುತ್ತದೆ, ಮೀನು ಚದರಿಹೋಗುತ್ತದೆ. ಇದನ್ನೇ ಎಲ್ ನಿನೊ ಎನ್ನುವುದು. ಅದೇ ಸಾಗರದ ಪೂರ್ವ ಭಾಗದಲ್ಲಿರುವ ಗಲಾಪಗೋಸ್ ದ್ವೀಪಗಳ ಪುಟ್ಟ ಪೆಂಗ್ವಿನ್‌ಗೆ ಇದರ ಪೆಟ್ಟು ಎಲ್ಲಕ್ಕಿಂತ ಜೋರಾಗಿ ಬೀಳುತ್ತದೆ. 1982–83ರ ಎಲ್ ನಿನೊದಲ್ಲಿ ಅದರ ಸಂಖ್ಯೆ ಸುಮಾರು ಶೇ 77ರಷ್ಟು, 1997–98ರದರಲ್ಲಿ ಸುಮಾರು ಶೇ 65ರಷ್ಟು ಕುಸಿಯಿತು. ಅಂಥ ವರ್ಷಗಳಲ್ಲಿ ಹಕ್ಕಿಗಳು ಗೂಡನ್ನೇ ತೊರೆಯುತ್ತವೆ. ಮರಿ ಮಾಡುವ ಗೋಜಿಗೇ ಹೋಗದೆ ತಮ್ಮ ಜೀವ ಉಳಿಸಿಕೊಂಡರೆ ಸಾಕು ಎಂಬ ಸ್ಥಿತಿ ಅವುಗಳದು.

ತುಮಕೂರಿನ ಮಕ್ಕಳಿಗೆ ಎಲ್ ನಿನೊ ಹೊಸ ಹೆಸರಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ ಪತ್ರಿಕೆಗಳಲ್ಲಿ ದಿನವೂ ಕಾಣಿಸುತ್ತಿದ್ದ ಹೆಸರು ಅದು. ಮನೆಯಲ್ಲಿ ರಾಗಿ, ಕಡಲೆಕಾಯಿ ಬೆಳೆಯುವ ಮಕ್ಕಳು ಆ ವರ್ಷದ ಕಷ್ಟವನ್ನು ತಾವೇ ಹೇಳುತ್ತಾರೆ, ಹೇಳಲು ಬಿಡಬೇಕು. ಆದರೆ ಇಲ್ಲಿ ಶಿಕ್ಷಕರು ಒಂದು ಎಚ್ಚರಿಕೆ ವಹಿಸಬೇಕಾಗುತ್ತದೆ. ಎಲ್ ನಿನೊ ಬಂದ ವರ್ಷವೆಲ್ಲ ನಮಗೆ ಬರಗಾಲ ಎಂದು ಬರೆಸಿದರೆ ಅದು ತಪ್ಪು ಪಾಠ. 1982ರಲ್ಲಿ ದೇಶದ ಮುಂಗಾರು ಸೋತಿತು. ಅದಕ್ಕಿಂತ ಕಡಿಮೆಯೇನಲ್ಲದ 1997ರ ಎಲ್ ನಿನೊ ವರ್ಷದಲ್ಲಿ ದೇಶಕ್ಕೆ ಹೆಚ್ಚುಕಡಿಮೆ ವಾಡಿಕೆಯ ಮಳೆಯೇ ಬಂತು. ಮುಂಗಾರಿಗೆ ಹಿಂದೂ ಮಹಾಸಾಗರದ ಸ್ಥಿತಿಯೂ ಸೇರಿ ಹಲವು ಕಾರಣಗಳಿವೆ. ಗಲಾಪಗೋಸ್ ಪೆಂಗ್ವಿನ್ ಆ ನೀರಿನಲ್ಲೇ ಬದುಕುವುದರಿಂದ ಅದಕ್ಕೆ ಪೆಟ್ಟು ನೇರವಾದದ್ದು, ನಮ್ಮದು ಬಳಸುದಾರಿಯಲ್ಲಿ ಬರುವಂಥದ್ದು. ಈ ವ್ಯತ್ಯಾಸಕ್ಕಾಗಿ ಹತ್ತು ನಿಮಿಷ ಹೆಚ್ಚು ಹಿಡಿದರೂ ಅಡ್ಡಿಯಿಲ್ಲ.

ಹತ್ತಿ ಮತ್ತು ಬಿಸಿನೀರಿನ ಪ್ರಯೋಗ

ವನಸ್ಪತಿ (ಡಾಲ್ಡಾ) ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿ ಮಂಜುಗಡ್ಡೆಯ ನೀರಿನಲ್ಲಿ ಅದ್ದುವ ಪ್ರಯೋಗ ಪ್ರಸಿದ್ಧವಾದದ್ದು. ತಿಮಿಂಗಿಲಕ್ಕೆ ಅದು ಸರಿ, ಪೆಂಗ್ವಿನ್‌ಗೆ ಅಷ್ಟು ಸರಿಯಲ್ಲ. ಪೆಂಗ್ವಿನ್‌ಗೆ ಕೊಬ್ಬಿನ ಪದರ ಇದೆಯಾದರೂ ದಡದ ಮೇಲೆ ಅದನ್ನು ಬೆಚ್ಚಗಿಡುವ ಕೆಲಸದ ದೊಡ್ಡ ಪಾಲು ಗರಿಗಳದು, ಅಂದರೆ ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯದು. ಆದ್ದರಿಂದ ಹೀಗೆ ಮಾಡುವುದು ಮೇಲು.

ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಿಗೆ ಬಿಸಿಯೂಟದ ಅಡುಗೆಮನೆಯಿಂದ ತಂದ ಬಿಸಿನೀರನ್ನು ಸಮನಾಗಿ ತುಂಬಿ ತಟ್ಟೆ ಮುಚ್ಚಬೇಕು. ನೀರು ಸುಮಾರು 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಸುರಿಯುವ ಕೆಲಸ ಶಿಕ್ಷಕರದೇ ಆಗಿರಲಿ. ಮೊದಲನೆಯ ಲೋಟಕ್ಕೆ ಹತ್ತಿ ಬೇಡ. ಎರಡನೆಯದಕ್ಕೆ ಒಣ ಹತ್ತಿಯನ್ನು ದಪ್ಪವಾಗಿ ಸುತ್ತಬೇಕು. ಮೂರನೆಯದಕ್ಕೆ ಅಷ್ಟೇ ಹತ್ತಿಯನ್ನು ತಣ್ಣೀರಿನಲ್ಲಿ ಚೆನ್ನಾಗಿ ನೆನೆಸಿ ಸುತ್ತಬೇಕು. ಮೂರರ ಹೊರಗೂ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕುವುದನ್ನು ಮರೆಯಬಾರದು. ಇಲ್ಲದಿದ್ದರೆ ನಮ್ಮ ಬಯಲುಸೀಮೆಯ ಒಣಗಾಳಿಗೆ ಹತ್ತಿಯ ನೀರು ಆವಿಯಾಗಿ, ಲೋಟ ತಣ್ಣಗಾದದ್ದು ಯಾವ ಕಾರಣಕ್ಕೆ ಎಂಬುದೇ ತಿಳಿಯದಾಗುತ್ತದೆ. ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕದಲ್ಲಿ ಓದಿ ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತ ಹೋದರೆ ಒಣ ಹತ್ತಿಯ ಗೆರೆ ಮೆಲ್ಲಗೆ ಇಳಿಯುವುದೂ ಒದ್ದೆ ಹತ್ತಿಯ ಗೆರೆ ಸರ್ರನೆ ಜಾರುವುದೂ ಕಾಣುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ನೀರು ಗಾಳಿಗಿಂತ ಸುಮಾರು 25 ಪಟ್ಟು ಮುಂದು.

ಇದೇ ಪಿರಿಯಡ್‌ನಲ್ಲಿ ಸೋಪಿನಲ್ಲಿ ತೊಳೆಯದೆ, ಬಿಸಿಲಿಗೆ ಮಾತ್ರ ಹಾಕಿಟ್ಟ ಒಂದು ಬಾತಿನ ಅಥವಾ ಕೋಳಿಯ ಗರಿಯ ಮೇಲೆ ನೀರಿನ ಹನಿ ಬಿಡಿಸಿ. ಹನಿ ಮುತ್ತಿನಂತೆ ಉರುಳಿಹೋಗುತ್ತದೆ. ಅದೇ ಗರಿಗೆ ಬೈಕ್ ರಿಪೇರಿ ಅಂಗಡಿಯ ಹಳೆಯ ಎಂಜಿನ್ ಆಯಿಲನ್ನು ಹಚ್ಚಿದರೆ ಎಳೆಗಳು ಒಂದಕ್ಕೊಂದು ಅಂಟಿ, ನಡುವೆ ಬಿರುಕು ಬಿಟ್ಟು, ಗಾಳಿ ಹಿಡಿದಿಡುವ ಗುಣವೇ ಹೋಗಿಬಿಡುತ್ತದೆ. ಗರಿ ಮುಟ್ಟಿದವರೆಲ್ಲ ಸೋಪಿನಲ್ಲಿ ಕೈ ತೊಳೆಯಬೇಕು. 2000ನೇ ಇಸವಿಯ ಜೂನ್‌ನಲ್ಲಿ ಟ್ರೆಷರ್ ಎಂಬ ಹಡಗು ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಬಳಿ ಮುಳುಗಿದಾಗ ಸುಮಾರು 19,000 ಪೆಂಗ್ವಿನ್‌ಗಳ ಗರಿಗಳಿಗೆ ಆದದ್ದು ಇದೇ. ಸ್ವಯಂಸೇವಕರು ಅವುಗಳನ್ನು ಹಿಡಿದು ಒಂದೊಂದಾಗಿ ತೊಳೆದರು. ಎಣ್ಣೆ ಹತ್ತದ ಇನ್ನೂ ಅಷ್ಟೇ ಹಕ್ಕಿಗಳನ್ನು ಲಾರಿಗಳಲ್ಲಿ ತುಂಬಿ ನೂರಾರು ಕಿಲೋಮೀಟರ್ ಪೂರ್ವಕ್ಕೆ ಸಾಗಿಸಿ ಕಡಲಿಗೆ ಬಿಟ್ಟರು. ಅವು ಈಜಿಕೊಂಡು ಮನೆಗೆ ಮರಳುವಷ್ಟರಲ್ಲಿ ಅಲ್ಲಿನ ತೀರ ಸ್ವಚ್ಛವಾಗಿತ್ತು.

ವಿಕಾಸದ ಭಾಗಕ್ಕೆ ಹೆಚ್ಚು ಸಮಯ ಬೇಡ. ಹಾರುವ ಕಡಲಹಕ್ಕಿ ಆಲ್ಬಟ್ರಾಸ್ ಪೆಂಗ್ವಿನ್‌ನ ಹತ್ತಿರದ ನಂಟ. ನ್ಯೂಜಿಲೆಂಡ್‌ನಲ್ಲಿ ಸಿಕ್ಕ ವೈಮಾನು ಎಂಬ ಆದಿ ಪೆಂಗ್ವಿನ್‌ನ ಪಳೆಯುಳಿಕೆಗಳು ಸುಮಾರು 6 ಕೋಟಿ ವರ್ಷ ಹಳೆಯವು, ಆಗಲೇ ಅವು ಹಾರಾಟ ಬಿಟ್ಟಿದ್ದವು. ಅದೇ ದೇಶದ ಕುಮಿಮಾನು ಎಂಬ ಪುರಾತನ ಪೆಂಗ್ವಿನ್ ಒಂದೂವರೆ ಕ್ವಿಂಟಲ್ ತೂಗುತ್ತಿತ್ತೆಂದು 2023ರಲ್ಲಿ ಅಂದಾಜಿಸಲಾಯಿತು. ಎಂಪರರ್ ಪೆಂಗ್ವಿನ್ 500 ಮೀಟರ್‌ಗೂ ಆಳಕ್ಕೆ ಮುಳುಗಬಲ್ಲದು ಎಂದಾಗ ಮಕ್ಕಳೇ ರೆಕ್ಕೆ ದೋಣಿಯ ಹುಟ್ಟಿನಂತಾದದ್ದರ ಲಾಭವನ್ನು ಹೇಳುತ್ತಾರೆ.

ಎಂಪರರ್‌ನ ವರ್ಷ

ಹಿಮ ಪಾಠಕ್ಕೆ ಬರುವುದು ಇಷ್ಟಾದ ಮೇಲೆ. ಹನ್ನೆರಡು ತಿಂಗಳ ಪಟ್ಟಿಯನ್ನು ಬರೆಸಿ ಎಂಪರರ್ ಪೆಂಗ್ವಿನ್‌ನ ವರ್ಷವನ್ನು ತುಂಬಿಸಬೇಕು. ಮೇ–ಜೂನ್‌ನಲ್ಲಿ ಒಂದೇ ಮೊಟ್ಟೆ. ಅದನ್ನು ಪಾದದ ಮೇಲಿಟ್ಟುಕೊಂಡು ಗಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸವಿದ್ದು ಕಾವು ಕೊಡುತ್ತದೆ. ಜುಲೈ–ಆಗಸ್ಟ್‌ನಲ್ಲಿ ಮರಿ. ಆ ಮರಿಯ ಬೂದು ತುಪ್ಪುಳು ಪ್ರಯೋಗದ ಹತ್ತಿಯ ಹಾಗೆ: ಒಣಗಿದ್ದಾಗ ಬೆಚ್ಚಗೆ, ನೆನೆದರೆ ಮುಗಿಯಿತು. ನೀರು ತಡೆಯುವ ಗರಿಗಳು ಡಿಸೆಂಬರ್ ಹೊತ್ತಿಗೆ ಬರುತ್ತವೆ, ಅಲ್ಲಿಯವರೆಗೆ ಕಾಲ ಕೆಳಗಿನ ಕಡಲ ಹಿಮ ಒಡೆಯಬಾರದು. 2022ರಲ್ಲಿ ಅಂಟಾರ್ಕ್ಟಿಕದ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಅದು ಮುಂಚೆಯೇ ಒಡೆಯಿತು. ಅಲ್ಲಿನ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಆ ವರ್ಷ ಒಂದು ಮರಿಯೂ ಉಳಿಯಲಿಲ್ಲವೆಂದು ಉಪಗ್ರಹ ಚಿತ್ರಗಳ ಆಧಾರದ ಮೇಲೆ ವಿಜ್ಞಾನಿಗಳು ತೀರ್ಮಾನಿಸಿದರು. ಹಿಮದ ಮೇಲಿನ ಹಿಕ್ಕೆಯ ಕಂದು ಕಲೆಯಿಂದಲೇ ನೆಲೆಗಳನ್ನು ಗುರುತಿಸುತ್ತಾರೆ ಎಂಬ ಸಂಗತಿ ಮಕ್ಕಳನ್ನು ನಗಿಸುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ಎಲ್ಲ ಪೆಂಗ್ವಿನ್‌ಗಳೂ ಸೋಲುತ್ತಿಲ್ಲ ಎಂಬುದನ್ನೂ ಸೇರಿಸಬೇಕು: ಅಂಟಾರ್ಕ್ಟಿಕ ಪರ್ಯಾಯ ದ್ವೀಪದಲ್ಲಿ ಅಡೇಲಿ, ಚಿನ್‌ಸ್ಟ್ರಾಪ್ ಇಳಿಮುಖವಾಗಿದ್ದರೆ, ಹಿಮವನ್ನು ಅಷ್ಟಾಗಿ ನೆಚ್ಚದ ಜೆಂಟೂ ದಕ್ಷಿಣಕ್ಕೆ ಹರಡುತ್ತಿದೆ.

ಗೊಬ್ಬರ, ಮೀನು, ನ್ಯಾಯಾಲಯ

ಸಂರಕ್ಷಣೆಗೆ ಆಫ್ರಿಕನ್ ಪೆಂಗ್ವಿನ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಶತಮಾನಗಳಿಂದ ಶೇಖರವಾಗಿದ್ದ ಹಿಕ್ಕೆಯ ಗಟ್ಟಿ ಪದರದಲ್ಲಿ ಬಿಲ ತೋಡಿ ಅದು ಮೊಟ್ಟೆಯಿಡುತ್ತಿತ್ತು. ಗ್ವಾನೋ ಎಂಬ ಆ ಪದರವನ್ನು ಹೊಲಗಳ ಗೊಬ್ಬರಕ್ಕಾಗಿ ಹತ್ತೊಂಬತ್ತನೆಯ ಶತಮಾನದಿಂದ ಕೆರೆದು ಸಾಗಿಸಿದ್ದರಿಂದ ಹಕ್ಕಿಗಳು ಬಯಲಿನಲ್ಲಿ ಬಿಸಿಲಿಗೆ ಸಿಕ್ಕಿದವು. ತಿನ್ನಲೆಂದು ಮೊಟ್ಟೆಗಳನ್ನು ಒಟ್ಟುಮಾಡಿದ್ದು ಮತ್ತೊಂದು ಪೆಟ್ಟು. ಈಗಿನ ಮುಖ್ಯ ಕೊರತೆ ಸಾರ್ಡೀನ್ ಮತ್ತು ಆಂಚೋವಿಯದು. ಕಡಲು ಬದಲಾಗಿ ಮೀನಿನ ನೆಲೆ ಸರಿದಿದೆ, ಉಳಿದದ್ದಕ್ಕೆ ದೋಣಿಗಳ ಪೈಪೋಟಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತು ಲಕ್ಷ ಮೀರಿದ್ದ ಈ ಹಕ್ಕಿಯ ಸಂತಾನೋತ್ಪತ್ತಿ ಜೋಡಿಗಳು 10,000ಕ್ಕಿಂತ ಕಡಿಮೆಯಾಗಿ, 2024ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು. 2025ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕದ ಹೈಕೋರ್ಟ್ ಆರು ಮುಖ್ಯ ನೆಲೆಗಳ ಸುತ್ತ ಹತ್ತು ವರ್ಷ ಸಾರ್ಡೀನ್ ಮತ್ತು ಆಂಚೋವಿ ಮೀನುಗಾರಿಕೆಯನ್ನು ನಿರ್ಬಂಧಿಸುವ ಆದೇಶ ಹೊರಡಿಸಿತು. ಕಳೆದುಹೋದ ಬಿಲಗಳಿಗೆ ಬದಲಾಗಿ ಕೃತಕ ಗೂಡುಗಳನ್ನೂ ಇಡಲಾಗುತ್ತಿದೆ.

ಎಣಿಸುವ ಅಭ್ಯಾಸ

ಶಾಲೆಯಲ್ಲಿ ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದ್ದರೆ ಪೆಂಗ್ವಿನ್ ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಯನ್ನು ತೋರಿಸಬಹುದು. ಆಕ್ಸ್‌ಫರ್ಡ್ ವಿಜ್ಞಾನಿಗಳು 2014ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ನೆಟ್ಟ ಕ್ಯಾಮೆರಾಗಳು ತೆಗೆದ ಚಿತ್ರಗಳಲ್ಲಿರುವ ದೊಡ್ಡ ಹಕ್ಕಿ, ಮರಿ, ಮೊಟ್ಟೆಗಳನ್ನು ಸಾರ್ವಜನಿಕರು ಗುರುತಿಸುತ್ತಾರೆ. ಒಂದೇ ಚಿತ್ರವನ್ನು ಹಲವರು ಎಣಿಸುವುದರಿಂದ ಒಬ್ಬರ ತಪ್ಪು ಇನ್ನೊಬ್ಬರಿಂದ ಸರಿಹೋಗುತ್ತದೆ.

ಇಂಟರ್ನೆಟ್ ಇಲ್ಲದಿದ್ದರೂ ಚಿಂತೆಯಿಲ್ಲ, ಏಕೆಂದರೆ ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗುಂಪಾಗಿ ಗೂಡು ಕಟ್ಟುತ್ತವೆ. ಗೂಡಿನ ಕಾಲದಲ್ಲಿ ಮಕ್ಕಳನ್ನು ಕರೆದೊಯ್ದು, ಮರದ ಬುಡಕ್ಕೆ ಹೋಗದೆ ದೂರದ ಒಂದೇ ಜಾಗದಲ್ಲಿ ನಿಂತು, ಗಂಟೆಗೊಮ್ಮೆ ಒಂದೇ ಮರದ ಫೋಟೊ ತೆಗೆಸಬೇಕು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣದಂತೆ ನಾಲ್ವರು ಎಣಿಸಿದರೆ ಅಂಕಿಗಳು ಎಷ್ಟು ಬೇರೆಯಾಗುತ್ತವೆ ಎಂಬುದು ಗೊತ್ತಾಗುತ್ತದೆ. ಜೊತೆಗೆ ತಾಯಿತಂದೆ ಹಕ್ಕಿ ಯಾವ ದಿಕ್ಕಿಗೆ ಹಾರಿಹೋಯಿತು, ಮರಳಲು ಎಷ್ಟು ಹೊತ್ತಾಯಿತು ಎಂದು ಬರೆದಿಟ್ಟರೆ ಸುತ್ತಲ ಕೆರೆಗಳ ನೀರು ಗೂಡಿನ ಮರಿಗೆ ಹೇಗೆ ಸಂಬಂಧಪಡುತ್ತದೆ ಎಂಬ ಚರ್ಚೆ ಅಲ್ಲಿಯೇ ಆರಂಭವಾಗುತ್ತದೆ.

"ಸಾರ್, ಇಲ್ಲಿಂದ ನಾವೇನು ಮಾಡೋಕಾಗುತ್ತೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪೋಸ್ಟರ್ ಬರೆಯಿರಿ ಎಂದು ಸಾಗಹಾಕಬಾರದು. ಅಂಟಾರ್ಕ್ಟಿಕ ಕಡಲಿನ ಕ್ರಿಲ್ ಮೀನುಗಾರಿಕೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಆಯೋಗದಲ್ಲಿ ಭಾರತ 1986ರಿಂದ ಸದಸ್ಯ ದೇಶ; ಅಲ್ಲಿ ನಿರ್ಣಯಗಳಾಗುವುದು ಸರ್ವಸಮ್ಮತಿಯಿಂದ, ಆದ್ದರಿಂದ ನಮ್ಮ ದೇಶದ ಮಾತಿಗೆ ತೂಕವಿದೆ. ಅಂಟಾರ್ಕ್ಟಿಕದಲ್ಲಿ ಭಾರತೀಯರ ಚಟುವಟಿಕೆಗಳನ್ನು ಕಾನೂನಿನ ಚೌಕಟ್ಟಿಗೆ ತಂದ ಕಾಯ್ದೆಯೂ 2022ರಲ್ಲಿ ಬಂದಿದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು: ತೈಲ ಸೋರಿಕೆ, ಮೀನಿನ ಕೊರತೆ, ಗ್ವಾನೋ ನಷ್ಟ, ಕಡಲ ಹಿಮದ ಬೇಗನೆಯ ಒಡೆತ ಈ ನಾಲ್ಕಕ್ಕೂ ಪರಿಹಾರ ಬರೆಯಿರಿ. ಮೊದಲ ಮೂರಕ್ಕೆ ಮಕ್ಕಳು ಸರಿಯಾಗಿ ಬರೆಯುತ್ತಾರೆ. ನಾಲ್ಕನೆಯದಕ್ಕೆ "ಸಂರಕ್ಷಿತ ಪ್ರದೇಶ ಮಾಡಬೇಕು" ಎಂದವರಿಗೆ ಅರ್ಧ ಅಂಕ ಕೊಟ್ಟು, ಬೇಲಿಯೊಳಗಿನ ಹಿಮ ಕರಗದೆ ಉಳಿಯುವುದೇ ಎಂದು ಕೆಂಪು ಶಾಯಿಯಲ್ಲಿ ಕೇಳಿ ಉತ್ತರಪತ್ರಿಕೆಯನ್ನು ಮರಳಿ ಕೊಡಬೇಕು.