ಶಾಕ್ ಬದಲಿಸದೆ ಕಟಕಟ ನಿಲ್ಲಿಸಿದ್ದು

ಕಾರು ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಎಡಗಡೆಯಿಂದ ‘ಟಣ್’. ಹೊಂಡಕ್ಕೆ ಇಳಿದರೆ ಕಟಕಟ. ಇದಕ್ಕೆ ನಮ್ಮ ಮಲೆನಾಡಿನ ಕಡೆ ಹೇಳುವ ಮದ್ದು ಒಂದೇ: ಎರಡೂ ಸ್ಟ್ರಟ್, ಅಂದರೆ ಮುಂದಿನ ಶಾಕ್ ಅಬ್ಸಾರ್ಬರ್, ಹೊಸದು ಹಾಕಿ. ಏಳೆಂಟು ಸಾವಿರ ಹೋಯ್ತು. ನಾನು ಸಾವಿರದ ಐನೂರರ ಒಳಗೆ ಮುಗಿಸಿದೆ. ಹಳೇ ಶಾಕ್ ಮಳೆಗಾಲ ದಾಟಿ ಇನ್ನೂ ಓಡುತ್ತಿದೆ. "ಒಂದು ತಿಂಗಳೂ ನಿಲ್ಲಲ್ಲ ಮಾರಾಯ" ಎಂದವರೇ ಈಗ ಫೋನ್ ಮಾಡಿ ಕೇಳುತ್ತಾರೆ.

ಗಾಡಿ ತೋಟದ ರಸ್ತೆಯ ಹಳೇ ಹ್ಯಾಚ್‌ಬ್ಯಾಕ್. ನನ್ನ ಹತ್ತಿರ ಬರುವ ಮೊದಲೇ ಚಕ್ರದ ಹಿಂದಿನ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್ ಎಲ್ಲಾ ಬದಲಿಸಿ ಆಗಿತ್ತು. ಹತ್ತಿರ ಹತ್ತಿರ ನಾಲ್ಕು ಸಾವಿರ ದಂಡ. ನಾನೂ ಸ್ಟೆಬಿಲೈಸರ್ ಬಾರಿನ (ಗಾಡಿ ವಾಲದಂತೆ ತಡೆಯುವ ಕಂಬಿ) ಬುಷ್ ಹೊಸದು ಹಾಕಿ ನೋಡಿದೆ. ಶಬ್ದ ಅಲ್ಲೇ ಇತ್ತು.

ಎಲ್ಲರೂ ಜಾಕ್ ಹಾಕಿ, ಚಕ್ರ ಅಲ್ಲಾಡಿಸಿ ನೋಡ್ತಾರೆ. ಎತ್ತಿದಾಗ ಗಾಡಿಯ ಭಾರ ಇರಲ್ಲ, ಈ ಶಬ್ದ ಹೆಚ್ಚಾಗಿ ಅಡಗಿಬಿಡುತ್ತದೆ. ನಾನು ಗಾಡಿ ನೆಲದ ಮೇಲೇ ಇಟ್ಟು, ಹುಡುಗನಿಗೆ ನಿಧಾನಕ್ಕೆ ಸ್ಟೇರಿಂಗ್ ತಿರುಗಿಸಲು ಹೇಳಿ, ಸ್ಪ್ರಿಂಗ್ ಮೇಲೆ ಬೆರಳು ಇಟ್ಟೆ. ಸ್ಪ್ರಿಂಗ್ ಸ್ವಲ್ಪ ಹೊತ್ತು ತಿರುಚಿಕೊಂಡು, ತಟ್ಟನೆ ಹಾರಿತು. ಅಲ್ಲೇ ಗೊತ್ತಾಯಿತು, ಸ್ಟ್ರಟ್ ತಿರುಗಲೆಂದು ಅದರ ತಲೆಯಲ್ಲಿರುವ ಬೇರಿಂಗ್ ಹಿಡಿದಿದೆ. ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಸರಿಯಾಗಿ ವಾಪಸ್ ಬರುತ್ತಿರಲಿಲ್ಲ, ಅದಕ್ಕೂ ಇದೇ ಕಾರಣ.

ಹಳೇ ಪ್ರೀಮಿಯರ್ ಪದ್ಮಿನಿಯಂಥ ವಿಶ್‌ಬೋನ್ (ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್) ಗಾಡಿಗಳಲ್ಲಿ ಈ ತಲೆನೋವೇ ಇರಲಿಲ್ಲ. ಅಲ್ಲಿ ಸ್ಪ್ರಿಂಗ್ ಚಕ್ರದ ಜೊತೆ ತಿರುಗುವುದಿಲ್ಲ. ಈ ಗಾಡಿಯಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಶಾಕ್, ಸ್ಪ್ರಿಂಗ್ ಎಲ್ಲಾ ಒಟ್ಟಿಗೆ ತಿರುಗಬೇಕು. ಮೇಲಿನ ಆರ್ಮ್ ಇಲ್ಲ, ಖರ್ಚು ಕಡಿಮೆ, ಅಡ್ಡ ಕೂರಿಸಿದ ಎಂಜಿನ್‌ಗೆ ಜಾಗ ಸಿಗುತ್ತದೆ. ಮಾರುತಿ 800 ಬಂದ ಮೇಲೆ ನಾವೆಲ್ಲ ಇದರಲ್ಲೇ ಕೈ ಪಳಗಿಸಿಕೊಂಡವರು, ಅಲ್ವಾ? ಆದರೆ ಶಾಕ್ ರಾಡೇ ಚಕ್ರವನ್ನೂ ನೆಟ್ಟಗೆ ಹಿಡಿಯಬೇಕು. ಪಕ್ಕದ ಒತ್ತಡವೂ ಅದಕ್ಕೆ. ರಸ್ತೆಯ ಸದ್ದೂ ಸ್ಟ್ರಟ್ ತಲೆಯನ್ನು ಬಾಡಿಗೆ ಕೂರಿಸುವ ಮೌಂಟ್ ಮೂಲಕ ಸೀದಾ ಬಾಡಿಗೆ ಬರುತ್ತದೆ.

ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಹಾಕಿ ಬಿಚ್ಚಿದರೆ ಬೇರಿಂಗ್ ಒಳಗೆ ಕಾಫಿಪುಡಿ ಹಾಗೆ ತುಕ್ಕು. ರಬ್ಬರ್ ಮೌಂಟ್ ಕೂಡ ಬಿರುಕು ಬಿಟ್ಟಿತ್ತು. ಎರಡೂ ಕಡೆ ಮೌಂಟ್, ಬೇರಿಂಗ್ ಹೊಸದು, ಒಂಬೈನೂರೋ ಸಾವಿರವೋ ಆಯಿತು. ಉಳಿದದ್ದು ಚಕ್ರದ ಅಲೈನ್‌ಮೆಂಟ್‌ಗೆ. ಶಾಕ್ ಉಳಿಸಬೇಕಾದರೆ ಆಯಿಲ್ ಸೋರಿರಬಾರದು, ರಾಡ್ ಪಕ್ಕಕ್ಕೆ ಅಲ್ಲಾಡಬಾರದು. ಅಲ್ಲಾಡಿತೋ, ಸುಮ್ನೆ ಹೊಸದು ಹಾಕಿ. ಬೇರಿಂಗ್‌ಗೆ ನಾನು ಹಚ್ಚಿದ ಗ್ರೀಸ್ ಯಾವುದು, ನಟ್ ಬಿಗಿ ಮಾಡುವ ಮೊದಲು ಏನು ಮಾಡಿದೆ ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಇದೇ ಗಾಡಿಗೆ ಸ್ಪ್ರಿಂಗ್ ಸುತ್ತುಗಳ ಮಧ್ಯೆ ಸಿಗಿಸುವ ರಬ್ಬರ್ ಬಫರನ್ನೂ ಹಾಕಿ ನೋಡಿದೆ. ಆಗುಂಬೆ ಘಾಟಿಯ ತಿರುವಿನಲ್ಲಿ ವಾಲುವುದು ಕಡಿಮೆಯಾಯಿತು, ನಿಜ. ಆದರೆ ಮುಂಭಾಗ ಅರ್ಧ ಇಂಚು ಎದ್ದಿತು, ಕ್ಯಾಂಬರ್ (ಚಕ್ರದ ಓರೆ), ಟೋ (ಚಕ್ರ ಒಳಗೋ ಹೊರಗೋ ನೋಡುವ ಕೋನ) ಎರಡೂ ಹೋದವು. ಕಲ್ಲುರಸ್ತೆಯಲ್ಲಿ ಸೊಂಟ ಮುರಿಯಿತು. ಕಿತ್ತು ಮತ್ತೆ ಅಲೈನ್‌ಮೆಂಟ್ ಮಾಡಿಸಿದ್ದು ನನ್ನ ಜೇಬಿನಿಂದಲೇ.

ಈಗ ಬೇರಿಂಗ್ ಸಂದಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ನೋಡುತ್ತಿದ್ದೇನೆ, ಕೆಸರು ನುಗ್ಗದಿರಲಿ ಅಂತ. ಗಾಡಿ ತೊಳೆಯುವ ಹುಡುಗರಿಗೂ ಮಡ್‌ಗಾರ್ಡ್ ಒಳಗೆ ಮೇಲ್ಮುಖವಾಗಿ ಪ್ರೆಶರ್ ನೀರು ಹೊಡೀಬೇಡ್ರೋ ಎಂದು ಹೇಳಿದ್ದೇನೆ. ಕೇಳುವುದಿಲ್ಲ.